ಬೃಹತ್ ಕಟ್ಟಡಗಳ ಹೊಗೆ ಮತ್ತು ನನ್ನ ವರ್ಗಾವಣೆ

ಒಂದು ಕಡೆ ಸುಮ್ಮನೆ ಕೂರುವುದು ನನ್ನಿಂದ ಆಗದ ಕೆಲಸ. ಬಸ್ಸಿಗೆ ಕಾಯುವಾಗ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆಯುತ್ತಿರುತ್ತೇನೆ. ಬಸ್ಸು ಹತ್ತಿದ ಮೇಲೆ ಡ್ರೈವರನಿಗಿಂತ ಹೆಚ್ಚು ಬ್ರೇಕನ್ನು ನಾನೇ ಒತ್ತುತ್ತಿರುತ್ತೇನೆ. ಸರ್ಕಾರ ಇಂಥವನನ್ನೇ ಹುಡುಕಿ ಗುಮಾಸ್ತನ ಕುರ್ಚಿಯಲ್ಲಿ ಕೂರಿಸಿತು. ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಂತೂ ನನ್ನ ಚಡಪಡಿಕೆಗೆ ಕಾರಣವೂ ಇತ್ತು. ನನ್ನ ನೌಕರಿ ಶಿಕಾರಿಪುರದ ಒಂದು ಕಚೇರಿಯಲ್ಲಿ. ಯಾವ ಕಚೇರಿ ಎಂದು ಹೇಳಿ ಪೆನ್ಷನ್ನಿಗೆ ಕಲ್ಲು ಹಾಕಿಕೊಳ್ಳಲಾರೆ. ಹೆಂಡತಿ ಸುಮಿತ್ರೆ ಸೊರಬದಲ್ಲಿ ಶಾಲಾ ಶಿಕ್ಷಕಿ, ನಾಲ್ಕು ವರ್ಷದ ಮಗಳು ಅವಳ ಜೊತೆ. ಶನಿವಾರ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದರೆ ಮಗಳು ನೆಂಟರನ್ನು ನೋಡಿದಂತೆ ನಾಚಿಕೊಳ್ಳುತ್ತಿದ್ದಳು. ಆ ನಾಚಿಕೆ ಬಿಡುವಷ್ಟರಲ್ಲಿ ಸೋಮವಾರದ ಮೊದಲ ಬಸ್ಸು ಹೊರಟು ನಿಂತಿರುತ್ತಿತ್ತು. ತಮಾಷೆಯ ಮಾತಲ್ಲ, ನನಗೆ ಅದು ನಿಜವಾಗಿಯೂ ಸಂಕಟವಾಗುತ್ತಿತ್ತು.

ದಾರಿ ಇರಲಿಲ್ಲವೆಂದಲ್ಲ. ಸೊರಬದ ನಮ್ಮದೇ ಇಲಾಖೆಯಲ್ಲಿ ನನ್ನದೇ ದರ್ಜೆಯ ರುದ್ರಪ್ಪನವರಿದ್ದರು. ಅವರ ಮನೆ, ಗದ್ದೆ ಎಲ್ಲ ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ. ಅವರು ಇಲ್ಲಿಗೆ, ನಾನು ಅಲ್ಲಿಗೆ ಎಂದು ಪರಸ್ಪರ ವರ್ಗಾವಣೆಗೆ ಅರ್ಜಿ ಹಾಕಿದ್ದೆವು. ಅವರ ಸಾಹೇಬರ ರುಜು ಆಗಿತ್ತು, ನಮ್ಮ ಸಾಹೇಬರದ್ದೊಂದೇ ಬಾಕಿ. ಅಷ್ಟರಲ್ಲಿ ಮೇಲಿನಿಂದ ಆ ನಮೂನೆ ಬಂತು.

ನಗರದ ಬೃಹತ್ ಕಟ್ಟಡಗಳಿಂದ ಹೊರಬೀಳುವ ಹಸಿರುಮನೆ ಅನಿಲಗಳ ವಿವರ ಕಳುಹಿಸಿ ಎಂದು ಅದರಲ್ಲಿತ್ತು. ಡೀಸೆಲ್ಲು, ಕಟ್ಟಿಗೆ ಸುಟ್ಟಾಗ ಬರುವ ಅನಿಲ ಮೇಲೆ ಹೋಗಿ ಕಂಬಳಿಯ ಹಾಗೆ ಭೂಮಿಯನ್ನು ಮುಚ್ಚಿಕೊಂಡು ಸೆಕೆ ಹೆಚ್ಚಿಸುತ್ತದೆಯಂತೆ. ಎಷ್ಟು ಅಂತಸ್ತು, ಜನರೇಟರ್ ದಿನಕ್ಕೆ ಎಷ್ಟು ತಾಸು, ಒಲೆಗೆ ಎಷ್ಟು ಕಟ್ಟಿಗೆ ಎಂದೆಲ್ಲ ಕಲಮುಗಳಿದ್ದವು. ಆಗಿನ ಶಿಕಾರಿಪುರದಲ್ಲಿ ತಲೆಯೆತ್ತಿ ನೋಡಬೇಕಾದ ಕಟ್ಟಡವೆಂದರೆ ಎರಡೋ ಮೂರೋ. ನಾನು ‘ನಿಲ್’ ಎಂದು ಬರೆದು, ವರ್ಗಾವಣೆ ಅರ್ಜಿಯನ್ನೂ ಅದರಡಿಗಿಟ್ಟು ಸಾಹೇಬರ ಮುಂದೆ ಹಿಡಿದೆ.

ಸಾಹೇಬರು ಕನ್ನಡಕ ತೆಗೆದರು. “ಸೊರಬದೋರು ನಿಲ್ ಕಳಿಸ್ಯಾರಂತೆ. ನಾವೂ ನಿಲ್ ಕಳಿಸಿದ್ರೆ ಅವರಿಗೂ ನಮಗೂ ಏನ್ರೀ ವ್ಯತ್ಯಾಸ? ಊರಲ್ಲಿ ಅಡ್ಡಾಡಿ ನೋಡ್ರಿ. ಇದು ಮುಗೀಲಿ, ಆಮೇಲೆ ನಿಮ್ಮ ಅರ್ಜಿ.”

ಅಡ್ಡಾಡುವುದಕ್ಕೆ ನನಗೆ ಹೇಳಿಕೊಡಬೇಕೇ? ಮೊದಲು ಜವಳಿ ಅಂಗಡಿಯ ಮಲ್ಲೇಶಪ್ಪನವರ ಹೊಸ ಕಟ್ಟಡಕ್ಕೆ ಹೋದೆ. ಕೆಳಗೆ ಅಂಗಡಿ, ಮೇಲೆ ಕಲ್ಯಾಣ ಮಂಟಪ, ಅದರ ಮೇಲೆ ನೀರಿನ ಟ್ಯಾಂಕು. ಸರ್ಕಾರದವನು ಬಂದನೆಂದು ಮೊದಲು ಅವರಿಗೆ ಅನುಮಾನ. ಜನರೇಟರ್ ಇದ್ದರೂ ಓಡಿಸುವುದೇ ಇಲ್ಲ ಎಂದರು. ಊರಿನ ದೊಡ್ಡ ಕಟ್ಟಡಗಳ ಪಟ್ಟಿ ಮೇಲಕ್ಕೆ ಹೋಗುತ್ತದೆ ಎಂದ ಕೂಡಲೇ ಮುಖ ಅರಳಿ, ದಿನಕ್ಕೆ ಎರಡು ತಾಸು ಎಂದು ಬರೆಸಿದರು. ಎದುರು ಲಾಡ್ಜ್ ಕಟ್ಟಿಸಿದವರು ಅವರ ಷಡ್ಡಕರು. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಒಂದೇ ಬೀದಿಯಲ್ಲಿ ಎದುರುಬದುರು ಕಟ್ಟಡ ಕಟ್ಟಿಸಿದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಷಡ್ಡಕರು ಮೂರು ತಾಸು ಎಂದರು. ಮಲ್ಲೇಶಪ್ಪನವರು ಮರುದಿನ ಕಚೇರಿಗೇ ಬಂದು ಐದು ಮಾಡಿಸಿದರು, ಟ್ಯಾಂಕನ್ನೂ ಒಂದು ಅಂತಸ್ತೆಂದು ಹಿಡಿಸಿದರು. ಷಡ್ಡಕರು ಬಚ್ಚಲೊಲೆಯ ಕಟ್ಟಿಗೆ ಸೇರಿಸಿದರು. ಇವರು ಮದುವೆ ಅಡುಗೆಯ ಒಲೆಗಳನ್ನು ಲೆಕ್ಕಕ್ಕೆ ತಂದರು.

“ಯಜಮಾನ್ರೇ, ಇದು ಹೊಗೆ. ಜಾಸ್ತಿಯಾದ್ರೆ ಒಳ್ಳೇದಲ್ಲ” ಎಂದು ನಾನು ಹೇಳಿದ್ದುಂಟು.

“ಅವರದ್ದಕ್ಕಿಂತ ಕಮ್ಮಿ ಬರಬಾರ್ದು ನೋಡ್ರಿ, ಅಷ್ಟೇ” ಎಂದರು ಮಲ್ಲೇಶಪ್ಪನವರು.

ಸುದ್ದಿ ಹಬ್ಬಿ, ಅಕ್ಕಿ ಗಿರಣಿಯವರು, ಬೇಕರಿಯವರು, ಒಂದೇ ಅಂತಸ್ತಿನ ಹೋಟೆಲಿನವರು ಕೂಡ ತಮ್ಮನ್ನು ಬಿಟ್ಟದ್ದೇಕೆಂದು ನನ್ನ ಮೇಜಿನ ಸುತ್ತ ನಿಂತರು. ನನಗೋ ರುಜುವಿನ ಆತುರ. ಹೇಳಿದ್ದನ್ನೆಲ್ಲ ಬರೆದೆ. ನಮೂನೆಗೆ ಹೆಚ್ಚುವರಿ ಹಾಳೆ ಹೊಲಿಯಬೇಕಾಯಿತು. ಸಾಹೇಬರು ಸಂತೋಷದಿಂದ ಎರಡಕ್ಕೂ ರುಜು ಹಾಕಿದರು. ನಾನು ಆ ವಾರವೇ ಹಾಸಿಗೆ ಸುರುಳಿ ಸುತ್ತಿ ಹಗ್ಗ ಕಟ್ಟಿ, ರಾತ್ರಿ ಬರೀ ಚಾಪೆಯ ಮೇಲೆ ಮಲಗತೊಡಗಿದೆ.

ತಿಂಗಳಾದ ಮೇಲೆ ಉತ್ತರ ಬಂತು. ಹೊಗೆಯಲ್ಲಿ ನಮ್ಮ ಊರು ಜಿಲ್ಲೆಗೇ ಮೊದಲು. ಈ ಗಂಭೀರ ಪರಿಸ್ಥಿತಿಯ ಮೇಲೆ ನಿಗಾ ಇಡಲು ಇಲ್ಲಿ ಒಂದು ವಿಶೇಷ ಶಾಖೆ ತೆರೆಯಲಾಗಿದೆ. ವಿವರಗಳನ್ನು ಇಷ್ಟು ಶ್ರದ್ಧೆಯಿಂದ ಸಂಗ್ರಹಿಸಿದ ನೌಕರನೇ ಅದನ್ನು ನೋಡಿಕೊಳ್ಳತಕ್ಕದ್ದು, ಆತನನ್ನು ಬಿಡುಗಡೆ ಮಾಡತಕ್ಕದ್ದಲ್ಲ. ಆತನ ಸಹಾಯಕ್ಕೆ, ಶಿಕಾರಿಪುರಕ್ಕೆ ಬರಲು ಇಚ್ಛಿಸಿರುವ ಸೊರಬದ ರುದ್ರಪ್ಪನವರನ್ನು ನಿಯೋಜಿಸಲಾಗಿದೆ. ಓದಿ ಮುಗಿಸಿದಾಗ ನನ್ನ ಕಾಲುಗಳೂ ಅಲ್ಲಾಡದೆ ನಿಂತವು.

ಹೀಗೆ ಸೊರಬದಿಂದ ‘ನಿಲ್’ ಬರೆದು ಕಳಿಸಿದ್ದ ರುದ್ರಪ್ಪನವರು ತಮ್ಮ ಊರು ಸೇರಿದರು. ಸಂಜೆ ಗದ್ದೆ ನೋಡಿಕೊಂಡು, ಬೆಳಿಗ್ಗೆ ಮನೆಯ ರೊಟ್ಟಿ ಕಟ್ಟಿಕೊಂಡು ನನ್ನೆದುರು ಬಂದು ಕೂರುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡೋಣವೆಂದರೆ ಒಳ್ಳೆಯ ಮನುಷ್ಯ, ನನ್ನ ಪಾಲಿಗೂ ಒಂದು ರೊಟ್ಟಿ ತರುತ್ತಿದ್ದರು. ಮರುವರ್ಷ ಅದೇ ನಮೂನೆ ಬಂದಾಗ ತಾವಾಗಿಯೇ ಹೇಳಿದರು: “ಈ ಸಲ ಕಮ್ಮಿ ಬರೀರಿ. ಶಾಖೆ ಮುಚ್ತಾರೆ, ನಿಮ್ಮನ್ನ ಬಿಡ್ತಾರೆ. ನಂದು ಹೆಂಗೋ ಆಗ್ತದೆ. ಮಗಳು ದೊಡ್ಡೋಳಾಗ್ತಾಳೆ ನೋಡ್ರಿ.”

ಕಣ್ಣು ತುಂಬಿ ಬಂತು. ಪೆನ್ನು ತೆರೆದು, ಮಲ್ಲೇಶಪ್ಪನವರ ಐದು ತಾಸನ್ನು ಒಂದಕ್ಕೆ ಇಳಿಸಬೇಕೆಂದು ಹಾಳೆಯ ಮೇಲೆ ಕೈಯೂರಿದೆ. ಆಗ ರುದ್ರಪ್ಪನವರು ಸುಮ್ಮನೆ ಮಾತಿಗೆಂದು ಇನ್ನೊಂದು ಸುದ್ದಿ ಹೇಳಿದರು. ಹೋದ ಸಲ ಜಿಲ್ಲೆಗೆ ಎರಡನೆಯದಾದ ಊರಿನ ಗುಮಾಸ್ತ ಈ ವರ್ಷ ನಮ್ಮನ್ನು ಹಿಂದೆ ಹಾಕಿಯೇ ತೀರುತ್ತೇನೆಂದು ಊರೆಲ್ಲ ತಿರುಗುತ್ತಿದ್ದಾನಂತೆ.

ಐದು ತಾಸನ್ನು ಏಳು ಮಾಡಿದೆ. ಆ ಶನಿವಾರ ಸೊರಬದಲ್ಲಿ ಸುಮಿತ್ರೆ, ವರ್ಗಾವಣೆ ಏನಾಯಿತು ಎಂದು ಕೇಳಿದಳು. ಮೇಲಿನವರು ಬಿಡುತ್ತಿಲ್ಲ ಕಣೇ ಎಂದೆ.