ಪಡಸಾಲೆಯಲ್ಲಿ ಸೇತುವೆ

ಅರ್ಥವಾಗದ ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳುವುದು ತಪ್ಪೇನಲ್ಲ. ಮಿಕ್ಸರ್ ಯಾಕೆ ತಿರುಗುತ್ತದೆಂದು ತಿಳಿಯದೆಯೇ ನಾವೆಲ್ಲ ಚಟ್ನಿ ತಿಂದು ದೊಡ್ಡವರಾಗಿದ್ದೇವೆ. ಆದರೆ ಆ ಯಂತ್ರ ಕೆಟ್ಟಾಗ, ಎಲ್ಲ ಅರ್ಥವಾದವನ ಹಾಗೆ ಹುಬ್ಬು ಗಂಟಿಕ್ಕಿಕೊಂಡು ಅದರ ಮುಂದೆ ಕೂರುವುದಿದೆಯಲ್ಲ, ಅದು ತಪ್ಪು. ಈ ತಪ್ಪನ್ನು ನಾನು ಮೊನ್ನೆ ಸತತವಾಗಿ ನಾಲ್ಕು ವಾರ ಮಾಡಿದೆ. ಹುಬ್ಬಿನ ನಡುವಿನ ಗೆರೆ ಇನ್ನೂ ಹೋಗಿಲ್ಲ.

ನನ್ನ ಮನೆ ಜಹೀರಾಬಾದಿನಲ್ಲಿ, ನೌಕರಿ ನಾರಾಯಣಖೇಡದ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಅಕ್ಕ ಶಾಂತಾಬಾಯಿಯನ್ನು ಮೊಗುಡಂಪಲ್ಲಿಗೆ ಕೊಟ್ಟಿದ್ದೇವೆ. ಅವಳ ಮಗಳು ಸುಜಾತಾ ನರ್ಸಿಂಗ್ ಓದಿ ದೂರದ ಒಂದು ದೇಶದ ಆಸ್ಪತ್ರೆಗೆ ಹೋದಳು. ಆ ದೇಶದ ಹೆಸರು ಬೇಡ. ಅಲ್ಲಿ ನಾವು ಬಳಸುವ ಮೆಸೇಜು, ಮೇಲು, ವಿಡಿಯೋ ಎಲ್ಲ ಬಂದ್. ಹೋಗುವ ಮುಂಚೆ ಆಕೆ ನನ್ನ ಹತ್ತಿರ ಬಂದು, "ಮಾಮಾ, ನಿಮ್ಮನ್ಯಾಗ ಒಂದು ಬ್ರಿಜ್ ಹಾಕಿಕೊಡ್ರಿ" ಅಂದಳು. ನಾನು ಮನೆಯ ಮುಂದಿನ ಗಟಾರಿನ ಮೇಲೆ ಕಲ್ಲು ಹಾಸಬೇಕೇನೋ ಅಂದುಕೊಂಡೆ. ಹೆಂಡತಿಯ ಊರು ತಾಂಡೂರು, ಹಾಸುಗಲ್ಲಿಗೆ ಬರವಿಲ್ಲ.

ಅದು ಬೇರೆ ಸೇತುವೆ ಎಂದು ತಿಳಿಸಿ ಹೇಳಿದವನು ತಾಂಡೂರಿನಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮೊಯಿನ್. ಅವನು ಹೇಳಿದ್ದು ಹೀಗೆ: ದೊಡ್ಡ ರಸ್ತೆಯ ಮೇಲೆ ಚೆಕ್‌ಪೋಸ್ಟ್ ಇದೆ, ಆದರೆ ನಿಮ್ಮ ಹೊಲದ ಕಾಲುದಾರಿ ಅವರಿಗೆ ಗೊತ್ತಿಲ್ಲ. ಹುಡುಗಿ ಆ ಕಾಲುದಾರಿಯಿಂದ ನಿಮ್ಮ ಕಂಪ್ಯೂಟರಿಗೆ ಬರುತ್ತಾಳೆ, ಅಲ್ಲಿಂದ ಲೋಕದಲ್ಲಿ ಎಲ್ಲೆಲ್ಲಿಯವರೋ ಇಟ್ಟ ಕಂಪ್ಯೂಟರುಗಳನ್ನು ದಾಟಿ ತನಗೆ ಬೇಕಾದಲ್ಲಿ ಹೋಗುತ್ತಾಳೆ. ಯಾರು ಬಂದರು, ಎಲ್ಲಿ ಹೋದರು, ನಡುವಿನವರಿಗೆ ತಿಳಿಯುವುದಿಲ್ಲ. ಇಷ್ಟು ಕೇಳಿ ನನಗೆ ಧೈರ್ಯ ಬಂತು. ಮೊಗುಡಂಪಲ್ಲಿಯವರು ಬೆಳಗ್ಗೆ ಬೀದರಿಗೆ ಹೋಗಿ ಸಂಜೆ ತಿರುಗಿ ಬರುವ ಜನ, ರಾಜ್ಯದ ಗಡಿ ಅವರಿಗೆ ಮನೆಯ ಹೊಸ್ತಿಲು. ಅಂಥ ಊರಿನ ಹುಡುಗಿಗೆ ಇದೇನು ಮಹಾ.

ಮೊಯಿನ್ ಒಂದು ಹಳೆಯ ಕಂಪ್ಯೂಟರನ್ನು ಸಜ್ಜು ಮಾಡಿ ನಮ್ಮ ಪಡಸಾಲೆಯಲ್ಲಿ ಕೂರಿಸಿದ. ಅದನ್ನು ಹಗಲಿರುಳು ಆರಿಸಬಾರದು ಎಂದದ್ದೇ ತಡ, ನನ್ನ ಹೆಂಡತಿ ಸಂಗೀತಾ, "ಸುಮ್ಮ ಉರಿಯೋ ದೀಪ ನಮ್ಮನ್ಯಾಗ ಬ್ಯಾಡ್ರಿ. ಏನಾರೆ ಕೆಲಸ ಮಾಡ್ಲಿ" ಅಂದಳು. ಸೇತುವೆ ಕೆಲಸ ಮಾಡುವುದು ಕಣ್ಣಿಗೆ ಕಾಣುವುದಿಲ್ಲ, ಅದೇ ಅದರ ಹೆಚ್ಚುಗಾರಿಕೆ ಎಂದು ಹೇಳಿ ನೋಡಿದೆ. ಹೆಂಡತಿಯ ಮುಂದೆ ನಡೆಯುವ ಮಾತಲ್ಲ. ಕೊನೆಗೆ ಅದರ ಪರದೆಯ ತುಂಬ ಒಂದು ದೊಡ್ಡ ಗಡಿಯಾರ ಹಾಕಿಕೊಟ್ಟೆ. ಅಡುಗೆಮನೆಯಿಂದ ಇಣುಕಿದರೂ ಕಾಣುವಂಥದ್ದು. ಅಂದಿನಿಂದ ಆ ಯಂತ್ರಕ್ಕೆ ಮನೆಯಲ್ಲಿ ಮರ್ಯಾದೆ ಬಂತು.

ಸುಜಾತಾ ಪ್ರತಿ ವಾರ ಮೇಲ್ ಬರೆಯುತ್ತಿದ್ದಳು. ಅಕ್ಕನಿಗೆ ಓದಲು ಬಾರದು. ಭಾನುವಾರ ಆಕೆ ಬಸ್ಸು ಹಿಡಿದು ಬಂದು ಆ ಗಡಿಯಾರದ ಮುಂದೆಯೇ ಕೂತು, ನಾನು ಓದಿದ್ದನ್ನು ಎರಡೆರಡು ಸಲ ಕೇಳಿಸಿಕೊಂಡು, ಜವಾಬು ಬರೆಸಿ ಹೋಗುತ್ತಿದ್ದಳು. ಹೀಗೆ ಏಳೆಂಟು ತಿಂಗಳು ನಡೆಯಿತು. ಆಮೇಲೆ ಒಂದು ಭಾನುವಾರ ಮೇಲ್ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ.

ಬೇರೆ ವೇಳೆಯಾಗಿದ್ದರೆ ಕೆಲಸದ ಭಾರ ಇರಬೇಕು ಅಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಅದೇ ಹೊತ್ತಿಗೆ ಬೀದರಿನಿಂದ ಸುಜಾತಾಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗಿಯನ್ನು ಕೇಳಿ ಹೇಳುತ್ತೇವೆ ಅಂದಿದ್ದಳು ಅಕ್ಕ. ಫೋನ್ ಮಾಡಿ ಕೇಳಬಾರದೇ ಅಂತೀರಿ. ಹುಡುಗನ ಸೋದರತ್ತೆಯೂ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ, ಸಾಲದ್ದಕ್ಕೆ ಹಾಸ್ಟೆಲಿನಲ್ಲಿ ಸುಜಾತಾಳ ಪಕ್ಕದ ಮಂಚವೇ ಅವಳದು. ಅಲ್ಲಿನ ಫೋನು ಇರುವುದು ಎಲ್ಲರೂ ಕೂರುವ ಹಾಲಿನಲ್ಲಿ, ಆಡಿದ್ದೆಲ್ಲ ಆ ಅತ್ತೆಯ ಕಿವಿಗೆ. ನಾನು ಒಂದು ಸಲ ಮಾತಾಡಿದಾಗ ಸುಜಾತಾ, "ಮಾಮಾ, ಸೇತುವಿ ಮ್ಯಾಲೆ ನೀರು ಬಂದಾವೇನ್ರಿ?" ಅಂದಳು. ನಾನು, "ಯಾವ ಸೇತುವಿವ್ವಾ? ಇಲ್ಲಿ ಮಳಿನೇ ಇಲ್ಲ, ತೊಗರಿ ಒಣಗಾಕತ್ತದ" ಅಂದೆ. ಆ ಕಡೆ ಆಕೆ ಫೋನ್ ಇಟ್ಟಳು. ಆಕೆ ಕೇಳಿದ್ದೇನೆಂದು ನನಗೆ ಹೊಳೆದದ್ದು ಮರುದಿನ ನಾರಾಯಣಖೇಡದ ಬಸ್ಸಿನಲ್ಲಿ. ನನ್ನ ದಡ್ಡತನಕ್ಕೆ ನನಗೇ ಅಳು ಬಂತು.

ಸರಿ, ದುರಸ್ತಿಗೆ ಕೂತೆ. ವೈರು ಕಿತ್ತು ಹಾಕಿದೆ. ರೂಟರ್ ಆರಿಸಿ ಹಚ್ಚಿದೆ. ಕೇಬಲ್‌ನವನನ್ನು ಕರೆದರೆ ಅವನು ತನ್ನ ಮೊಬೈಲಿನಲ್ಲಿ ಒಂದು ಹಾಡು ಹಚ್ಚಿ, "ನೆಟ್ ಬರಾಕತ್ತದಲ್ರಿ?" ಎಂದು ನನ್ನನ್ನೇ ಅನುಮಾನದಿಂದ ನೋಡಿ ಹೋದ. ಮೊಯಿನ್ ತಾಂಡೂರಿನಿಂದಲೇ ಪರೀಕ್ಷೆ ಮಾಡಿ, "ಬಾಗಿಲು ತೆರದದ ಸರ್. ನಾ ಬಾಗಿಲತನಾ ಬರಾಕತ್ತೀನಿ. ಒಳಗ ಬಿಡವಲ್ದು" ಅಂದ. ಬಾಗಿಲು ತೆರೆದಿದೆ, ನೆಂಟರು ಬಂದಿದ್ದಾರೆ, ಒಳಗೆ ಬಿಡುತ್ತಿಲ್ಲ! ಇಂಥ ಮನೆಯನ್ನು ನಾನು ಕಂಡಿದ್ದೇನೆ, ಆದರೆ ಇಂಥ ಕಂಪ್ಯೂಟರನ್ನು ಕಂಡಿರಲಿಲ್ಲ. ಸೇತುವೆಯ ವಿಳಾಸದ ಉದ್ದದ ಸಾಲನ್ನು ಒಂದೊಂದೇ ಅಕ್ಷರ ಬೆರಳಿಟ್ಟು ತಾಳೆ ನೋಡಿದೆವು. ಸರಿಯಾಗಿತ್ತು. ಫೈರ್‌ವಾಲ್ ಎಂಬ ಕಾವಲುಗಳನ್ನೆಲ್ಲ ತೆಗೆದು ನೋಡಿದೆವು, ಆಗಲೂ ಇಲ್ಲ. ಒಂದು ಸಲ ತಾನಾಗಿಯೇ ಕೂಡಿಕೊಂಡಿತು, ನಾವು ಕುಣಿಯುವಷ್ಟರಲ್ಲಿ ಹೋಯಿತು. ಮೊಯಿನ್ ಹೇಳಿದ್ದರಲ್ಲಿ ಅರ್ಧ ನನಗೆ ತಿಳಿಯುತ್ತಿರಲಿಲ್ಲ. ತಿಳಿದ ಅರ್ಧ ತಪ್ಪು ತಿಳಿದಿದ್ದೆ ಎಂದು ಆಮೇಲೆ ಗೊತ್ತಾಯಿತು.

ನಮ್ಮ ಅವ್ವ ಪಸ್ತಾಪುರದ ಕಡೆಯ ಹೆಂಗಸರ ಸಂಘದಲ್ಲಿ ಬೀಜ ಕಾಯುವಾಕೆ. ಬುಟ್ಟಿಯಲ್ಲಿ ಬೂದಿ, ಬೇವಿನೆಲೆ ಹಾಕಿ ಜೋಳ, ಸಜ್ಜೆ, ನವಣೆಯ ಬೀಜ ಇಡುವುದರಲ್ಲಿ ಅವಳದು ದೊಡ್ಡ ಹೆಸರು. ನಾನು ತಲೆಗೆ ಕೈ ಹಚ್ಚಿ ಕೂತದ್ದನ್ನು ನೋಡಿ, "ತಂಪು ಹಿಡದಿರಬೇಕೋ ಅದಕ. ಒಂದೀಟು ಬಿಸಲಿಗಿ ಇಡು" ಅಂದಳು. ನಗಬೇಡಿ. ನಾನು ಇಟ್ಟೆ. ಅಂಗಳದಲ್ಲಿ ನವಣೆಯ ಪಕ್ಕ ಒಂದು ಕೌದಿ ಹಾಸಿ, ಮುಚ್ಚಳ ಬಿಚ್ಚಿದ ಕಂಪ್ಯೂಟರನ್ನು ಅರ್ಧ ಗಂಟೆ ಒಣಗಿಸಿದೆ. ಗುಬ್ಬಿ ಬಂದಾವೆಂದು ಕಾವಲೂ ಕೂತೆ. ಧೂಳು ಹೋಯಿತು, ಉಳಿದದ್ದು ಹಾಗೇ ಇತ್ತು.

ಮೂರು ಭಾನುವಾರ ಬೀದರಿನವರನ್ನು ಅಕ್ಕ ಏನೇನೋ ಹೇಳಿ ಮುಂದೆ ಹಾಕಿದಳು. ನಾಲ್ಕನೆಯ ಭಾನುವಾರ ಹನ್ನೊಂದಕ್ಕೆ ಬರುತ್ತೇವೆ, ಅಂದೇ ಹೌದು ಇಲ್ಲ ಹೇಳಿಬಿಡಿ ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. "ಪೋರಿ ಸುಮ್ಮ ಅದಾಳಂದ್ರ ಒಪ್ಪ್ಯಾಳಂತ ತಿಳೀತಾರ ತಮ್ಮಾ. ನೀ ಬಂದು ಕುಂಡ್ರು. ಸೋದರಮಾವ ಇಲ್ದ ಮಾತು ಮುಗಿಯಾಂಗಿಲ್ಲ" ಅಂದಳು ಅಕ್ಕ. ಒಂದು ಹುಡುಗಿಯ ಬಾಳು ನಮ್ಮ ಪಡಸಾಲೆಯ ಹಳೆಯ ಡಬ್ಬಿಯ ಒಳಗೆ ಎಲ್ಲೋ ಸಿಕ್ಕಿಕೊಂಡಿದೆ, ಅದನ್ನು ತೆಗೆಯಲು ನನಗೆ ಬರುತ್ತಿಲ್ಲ ಎಂಬುದು ಆಗ ನನ್ನನ್ನು ಸರಿಯಾಗಿ ಚುಚ್ಚಿತು.

ಆ ಭಾನುವಾರ ಬೆಳಗ್ಗೆ ಎದ್ದವನೇ ಯಂತ್ರದ ಮುಂದೆ ಕೂತೆ. ಮೊಯಿನ್ ಹೇಳಿದ ಹಾಗೆ, ಸೇತುವೆ ತಾನೇ ಬರೆದಿಟ್ಟುಕೊಳ್ಳುವ ದಿನಚರಿಯನ್ನು ಅವನಿಗೆ ಕಳಿಸಿದೆ. ಪರದೆಯ ಗಡಿಯಾರದಲ್ಲಿ ಹತ್ತೂವರೆ. ಮೊಗುಡಂಪಲ್ಲಿಗೆ ಗಾಡಿಯ ಮೇಲೆ ಅರ್ಧ ಗಂಟೆ ಬೇಕು. "ಆತು ಮೊಯಿನ್, ಬಿಡು. ಹೊತ್ತಾತು. ನಾ ಬರಿಗೈಲೆ ಹೋಗ್ತೀನಿ" ಅಂದೆ ಫೋನಿನಲ್ಲಿ. ಮೊಯಿನ್ ಆ ದಿನಚರಿ ಓದುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ.

"ಸರ್, ನೀವು ಕಳಿಸಿದ್ದು ಇನ್ನೂ ಆಗೇ ಇಲ್ಲಲ್ರಿ?"

"ಏನು ಆಗಿಲ್ಲೋ?"

"ಇದರಾಗ ಹತ್ತು ಇಪ್ಪತ್ತೆಂಟಕ್ಕ ನಾ ಬಾಗಿಲಿಗಿ ಬಂದೀನಿ ಅಂತ ಬರದದ. ನಮ್ಮ ತಾಂಡೂರಾಗ ಈಗ ಒಂಬತ್ತು ಇಪ್ಪತ್ತು. ನೀವು ನಮಗಿಂತ ಒಂದ್ ಗಂಟೆ ಹತ್ತು ನಿಮಿಷ ಮುಂದ ಹೋಗಿ ಕುಂತೀರಿ!"

ನಾನು ಫೋನು ಕಿವಿಯಿಂದ ತೆಗೆದು ಅದರ ಮೇಲಿನ ಗಂಟೆ ನೋಡಿದೆ. ಒಂಬತ್ತು ಇಪ್ಪತ್ತು. ಪರದೆ ನೋಡಿದೆ. ಹತ್ತೂವರೆ. ಎರಡೂ ನನ್ನ ಮನೆಯವೇ. ಈ ಸೇತುವೆ ದಾಟುವವರು ಎರಡೂ ದಡದ ಗಡಿಯಾರ ಕೂಡಿಸಿ ಗುರುತು ಹೇಳಿಕೊಳ್ಳುತ್ತಾರಂತೆ. ಗಂಟೆಯೊಳಗಿನ ಫರಕಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತದಂತೆ, ಗಂಟೆ ದಾಟಿದರೆ ನೀ ಯಾರೋ ನಾ ಯಾರೋ. "ಆದ್ರ ಸರ್, ನಾ ಕೂಡಿಸಿದ್ ಮಿಷಿನ್ ತನ್ನ ಟೈಮ್ ತಾನೇ ಸರಿ ಮಾಡ್ಕೋತಿತ್ತಲ್ರಿ. ಅದನ್ನ ಯಾರು ಬಂದ್ ಮಾಡ್ಯಾರ?" ಅಂದ ಮೊಯಿನ್.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ನಮ್ಮಲ್ಲಿ ಮನೆಯ ಗಡಿಯಾರ ಖರೇ ಗಂಟೆ ತೋರಿಸಬಾರದು. ನನ್ನ ಮಾವ ತಾಂಡೂರಿನಲ್ಲಿ ರೈಲು ತಪ್ಪಬಾರದೆಂದು ಗಡಿಯಾರ ಇಪ್ಪತ್ತು ನಿಮಿಷ ಮುಂದಿಟ್ಟೇ ಮಕ್ಕಳನ್ನು ಬೆಳೆಸಿದ. ಸಂಗೀತಾ ಆ ಇಪ್ಪತ್ತು ನಿಮಿಷವನ್ನು ತವರಿನಿಂದ ತಂದಳು. ಮೊದಲ ವಾರವೇ ಆಕೆ ಕಂಪ್ಯೂಟರಿನ ಗಂಟೆ ಮುಂದಿಟ್ಟಳು, ಅದು ತಾನಾಗಿ ಹಿಂದೆ ಬಂತು. ಮತ್ತೆ ಇಟ್ಟಳು, ಮತ್ತೆ ಬಂತು. "ಹಟಮಾರಿ ಮಿಷಿನ್ ಅದರಿ ಇದು" ಎಂದು ಆಕೆ ದೂರು ಕೊಟ್ಟಾಗ, ಗಂಡನೆನ್ನಿಸಿಕೊಂಡವನು ಸುಮ್ಮನಿರಲಾದೀತೇ? ಅದು ಸರಿಯಾಗುವುದನ್ನು ನಾನೇ ಖುದ್ದು ಬಂದ್ ಮಾಡಿಕೊಟ್ಟಿದ್ದೆ.

ಮನೆಯವರನ್ನೆಲ್ಲ ಕೂಗಿದೆ. ಸಂಗೀತಾ ಇಪ್ಪತ್ತು ಒಪ್ಪಿಕೊಂಡಳು. ಕಾಲೇಜಿಗೆ ಹೋಗುವ ಮಗಳು ಪ್ರಜ್ಞಾ ನೆಲ ನೋಡುತ್ತ, "ನಾ ಹದಿನೈದು ಇಟ್ಟೀನಿ ಪಪ್ಪಾ" ಅಂದಳು. ಅವ್ವ ನವಣೆ ಕೇರುವುದನ್ನು ನಿಲ್ಲಿಸಲಿಲ್ಲ. "ನಾನೂ ಬಾಜೂ ಮನಿ ಪೋರಿ ಕೈಲಿ ಒಂದಿಪ್ಪತ್ತು ಇಡಸೀನಿ. ಯಾಕಂದ್ರ ನೀ ದಿನಾ ಬಸ್ಸ ತಪ್ಪಸ್ಕೊಂಡು ಸಾಹೇಬನ ಕೈಲಿ ಬೈಸ್ಕೋತಿದ್ದಿ" ಅಂದಳು. ಅಂದರೆ ಮೂವರೂ ಒಬ್ಬರಿಗೊಬ್ಬರು ಹೇಳದೆ, ನನ್ನ ಸಲುವಾಗಿಯೇ ಮುಂದಿಟ್ಟಿದ್ದರು. ಗಡಿಯಾರ ಮುಂದಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಎಷ್ಟು ಮುಂದಿದೆ ಎಂಬುದು ಯಾರಿಗೂ ಗೊತ್ತಿಲ್ಲ. ಈಚೆಗೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕಾಯುತ್ತಿದ್ದೆ. ಬಸ್ಸು ತಡ ಮಾಡುತ್ತಿದೆ ಎಂದು ಕಂಡಕ್ಟರನಿಗೆ ಎರಡು ಸಲ ಬುದ್ಧಿಯನ್ನೂ ಹೇಳಿದ್ದೆ. ಅವನು ನನ್ನನ್ನು ಕರುಣೆಯಿಂದ ನೋಡಿದ್ದು ಯಾಕೆಂದು ಈಗ ತಿಳಿಯಿತು.

"ಅಲ್ಲಿಗೆ ಐವತ್ತೈದೇ ಆತಲ್ಲ. ಇನ್ನ ಹದಿನೈದು ಯಾರದು?" ಅಂದಳು ಸಂಗೀತಾ. ಎಲ್ಲರೂ ನನ್ನನ್ನು ನೋಡಿದರು. ಒಂದು ತಿಂಗಳ ಹಿಂದೆ, ಇನ್ನು ಮೇಲೆ ಶಿಸ್ತಿನಿಂದ ಇರಬೇಕೆಂದು ನಿರ್ಧಾರ ಮಾಡಿ ಒಂದು ಬೆಳಗ್ಗೆ ನಾನೇ ಗುಟ್ಟಾಗಿ ಹದಿನೈದು ಮುಂದಿಟ್ಟದ್ದು ನೆನಪಾಯಿತು. ಮರುದಿನದಿಂದಲೇ ಸೇತುವೆ ಕೆಟ್ಟಿತ್ತು. "ಅದಿರಲಿ ಬಿಡ್ರಿ" ಅಂದೆ.

ಗಂಟೆ ಸರಿ ಮಾಡಿದ ಕಾಲು ಗಂಟೆಯೊಳಗೆ ಮೇಲ್ ಬಂದು ಬಿತ್ತು. ಹುಡುಗಿ ಪ್ರತಿ ಬೆಳಗ್ಗೆ ಪಾಳಿಗೆ ಹೋಗುವ ಮುಂಚೆ ಬಾಗಿಲು ಬಡಿದು ನೋಡುತ್ತಿದ್ದಳಂತೆ. ನಾಲ್ಕು ವಾರದ ಮಾತು ಒಂದೇ ಕಾಗದದಲ್ಲಿತ್ತು. "ಅವ್ವಾ, ಹುಡುಗನ ಅತ್ತಿ ನನಗ ಸಂಬಂಧದ ಮಾತು ಹೇಳ್ಯಾಳ. ಬ್ಯಾಡ ಅನ್ನು. ಹುಡುಗ ಛಲೋ ಇರಬಹುದು. ಆದ್ರ ಅವರತ್ತಿ ಈಗೇ ನಾ ಯಾವಾಗ ಉಣ್ತೀನಿ, ಯಾರ ಸಂಗಟ ನಗ್ತೀನಿ ಎಲ್ಲಾ ಬೀದರಿಗಿ ಹೇಳ್ತಾಳ. ನಾ ಇಲ್ಲಿ ಇನ್ನೂ ಕಲೀಬೇಕು. ನೀ ಹೂಂ ಅಂದ್ರ ನಾನೂ ಹೂಂ ಅಂತೀನಿ. ಅದಕ್ಕೇ ಅಂಜಿಕಿ ಬರಾಕತ್ತದ. ಮಾಮಾಗ ಫೋನಿನ್ಯಾಗ ಹೇಳೀನಿ, ಅವರಿಗಿ ತಿಳೀಲಿಲ್ಲ." ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ.

ಅಕ್ಕನಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಗಾಡಿ ಹತ್ತಿದೆ. ಮೊಗುಡಂಪಲ್ಲಿ ಮುಟ್ಟಿದಾಗ ಖರೇ ಗಂಟೆ ಹತ್ತೂ ಇಪ್ಪತ್ತು. ಬದುಕಿನಲ್ಲಿ ಮೊದಲ ಸಲ ಒಂದು ಕಾರ್ಯಕ್ಕೆ ನಲವತ್ತು ನಿಮಿಷ ಮುಂಚೆ ಬಂದೆನೆಂದು ಎದೆಯುಬ್ಬಿಸಿ ಒಳಗೆ ಹೋದರೆ, ಬೀದರಿನ ನಾಲ್ವರು ಆಗಲೇ ಹಾಸಿದ ಜಮಖಾನದ ಮೇಲೆ ಕೂತು ಚಹಾ ಮುಗಿಸಿದ್ದರು. ಅವರ ಮನೆಯಲ್ಲೂ ಗಡಿಯಾರ ಮುಂದಿರಬೇಕು.

ನನ್ನನ್ನು ಕಂಡದ್ದೇ ಅಕ್ಕನ ಮುಖ ಬಿಳುಚಿತು. ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಇಷ್ಟ ಲಗೂ ಯಾಕ ಬಂದ್ಯೋ?" ಅಂದಳು.

"ನೀನೇ ಹನ್ನೊಂದಕ್ಕ ಬಾ ಅಂದಿದ್ದಿ."

"ಹನ್ನೊಂದಂದ್ರ ನೀ ಒಂದು ಗಂಟಿಗಿ ಬರ್ತಿ ಅಂತ ನಾ ನಿನ್ನ ನಂಬಿ ಕುಂತಿದ್ನಲ್ಲೋ! ಸೋದರಮಾವ ಬರೋತನಾ ಮಾತಿಲ್ಲ ಅಂತ ಅವರಿಗಿ ಹೇಳೀನಿ. ಅಷ್ಟರಾಗ ಪೋರಿ ಕಾಗದ ಬರ್ತದ, ಇಲ್ಲಾಂದ್ರ ಅವರಾರೆ ಬ್ಯಾಸರಾಗಿ ಎದ್ದು ಹೋಗ್ತಾರ ಅಂತ." ಆಕೆಯ ಕಣ್ಣಲ್ಲಿ ನೀರಿತ್ತು. "ಫೋನ್ ನೋಡಿ ನೋಡೇ ಎತ್ತಿಲ್ಲ, ನೀ ಬರಾಕತ್ತೀನಿ ಅಂತೀ ಅಂತ."

ಒಲೆಯ ಪಕ್ಕ ನಿಂತು ಮೊಬೈಲಿನಲ್ಲಿ ಆ ಕಾಗದ ಓದಿದೆ. ಅಕ್ಕ ಎರಡನೆಯ ಸಲ ಓದಿಸಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋಗಿ, ಗಟ್ಟಿ ದನಿಯಲ್ಲಿ, "ಏನ್ ಮಾಡೋದ್ರಿ, ನಮ್ಮ ತಮ್ಮ ಒಪ್ಪವಲ್ಲ" ಅಂದಳು. ನಾಲ್ವರೂ ನನ್ನ ಕಡೆ ತಿರುಗಿದರು. ಹುಬ್ಬು ಗಂಟಿಕ್ಕಿಕೊಂಡು ಕೂರುವುದೊಂದು ನನಗೆ ಚೆನ್ನಾಗಿ ರೂಢಿಯಾಗಿತ್ತು, ಹಾಗೆಯೇ ಕೂತೆ.

ಸೇತುವೆಯ ಗಡಿಯಾರವನ್ನು ಈಗ ಯಾರೂ ಮುಟ್ಟುವುದಿಲ್ಲ, ಅದು ಖರೇ ಗಂಟೆ ತೋರಿಸುತ್ತದೆ. ಮೊದಲ ವಾರವೇ ನನಗೆ ಮೂರು ಸಲ ಬಸ್ಸು ತಪ್ಪಿತು. ಸಂಗೀತಾ ಏನೂ ಅನ್ನದೆ ತಾಂಡೂರಿನಿಂದ ಒಂದು ಗೋಡೆ ಗಡಿಯಾರ ತಂದು ಕಂಪ್ಯೂಟರಿನ ಮೇಲ್ಗಡೆಯೇ ಮೊಳೆ ಹೊಡೆದು ತೂಗುಹಾಕಿದಳು. ಅದು ಎಷ್ಟು ಮುಂದಿದೆ ಎಂದು ನಾನು ಕೇಳಿಲ್ಲ. ನಿನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಸ್ಟೂಲು ಹತ್ತಿ, ಐದು ನಿಮಿಷ ಮಾತ್ರ ಮುಂದಿಟ್ಟಿದ್ದೇನೆ.