ಒಳಗೆ ಬಿಡದ ಮೆಸೆಂಜರ್

ಶಹಾಬಾದ ಬಸ್‌ಸ್ಟ್ಯಾಂಡ್ ಎದುರು ನಾನು ಎಂಟು ವರ್ಷ ಸೈಬರ್ ಕೆಫೆ ನಡೆಸಿದೆ. ಆಗ ಎಲ್ಲರಿಗೂ ಮೆಸೆಂಜರ್‌ನಲ್ಲಿ ಚಾಟ್ ಮಾಡುವ ಹುಚ್ಚು. ಅದು ಒಳಗೆ ಬಿಡದಿದ್ದರೆ ಬೈಗುಳ ಮಾತ್ರ ನನಗೆ. ವಾರಕ್ಕೊಮ್ಮೆಯಾದರೂ ಇಂಥದ್ದೊಂದು ತಪ್ಪುತ್ತಿರಲಿಲ್ಲ.

೧. ಕೂಡಿದ ಮನೆ

ಸೇಡಂನಲ್ಲಿ ಅಣ್ಣ, ಇಲ್ಲಿ ತಮ್ಮ. ಇಬ್ಬರಿಗೂ ಸೇರಿ ಒಂದೇ ಐಡಿ. ಅಣ್ಣ ಒಳಹೊಕ್ಕರೆ ತಮ್ಮ ಹೊರಗೆ, ತಮ್ಮ ಹೊಕ್ಕರೆ ಅಣ್ಣ ಹೊರಗೆ. ತಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಯಾರ್ರೀ ಅಂವ, ಘಡಿಘಡಿ ನನ್ನ ಹೊರಗ ಹಾಕಾಂವ?"

"ನಿಮ್ಮಣ್ಣನೇ ಇರಬೇಕ್ರಿ. ನೀವೊಂದು ಬ್ಯಾರೆ ಐಡಿ ಮಾಡ್ಕೋರಿ."

"ಮೂರು ತಲಿಮಾರಿಂದ ಕೂಡಿ ಬಾಳೀವಿ. ನಮ್ಮ ಮನಿ ಒಡೀಲಿಕ್ಕ ಕುಂತೀರೇನು?"

ಆಯಿತಪ್ಪ, ಇಷ್ಟು ಅವಸರದಲ್ಲಿ ಯಾರ ಜೊತೆ ಚಾಟ್ ಮಾಡಬೇಕಾಗಿತ್ತು ಎಂದು ಕೇಳಿದೆ.

"ಮತ್ಯಾರ ಕೂಡ? ಅಣ್ಣನ ಕೂಡ!"

೨. ಏಕಾದಶಿ

ಒಮ್ಮೆ ಒಂದು ಕಂಪ್ಯೂಟರ್‌ನಿಂದ ಯಾರಿಗೂ ಒಳಹೋಗಲು ಆಗಲೊಲ್ಲದು. ವೈರು ಕಿತ್ತು ಹಾಕಿದೆ, ಪ್ರೋಗ್ರಾಂ ಅಳಿಸಿ ಮತ್ತೆ ಹಾಕಿದೆ, ಕೈಮುಗಿದೆ. ಚಿತ್ತಾಪುರದ ಆಚಾರ್ಯರೊಬ್ಬರು ಮಗಳ ಜೊತೆ ಚಾಟ್ ಮಾಡಲು ಬಂದು ಅದರ ಮುಂದೇ ಕೂತಿದ್ದರು. ಪರದೆಯ ಮೂಲೆಗೆ ಬೆರಳು ತೋರಿಸಿದರು.

"ಇವತ್ತ ಏಕಾದಶಿ, ಪಂಚಾಂಗ ನೋಡೇ ನಾ ಉಪಾಸ ಇದ್ದೀನಿ. ನಿಮ್ಮ ಕಂಪ್ಯೂಟರ್ ಮೂರು ವರ್ಷದ ಹಿಂದಿನ ತಾರೀಖು ತೋರಸ್ಲಿಕತ್ತದಲ್ಲ?"

ತಾರೀಖು ತಪ್ಪಿದ್ದರೆ ಮೆಸೆಂಜರ್ ಒಳಗೆ ಬಿಡುವುದಿಲ್ಲವಂತೆ; ಸರಿ ಮಾಡಿದ್ದೇ ತಡ, ತೆರೆಯಿತು. ಅಂದಿನಿಂದ ನನ್ನ ರಿಪೇರಿ ಡಬ್ಬಿಯಲ್ಲಿ ಸ್ಕ್ರೂಡ್ರೈವರ್ ಪಕ್ಕ ಒಂದು ಪಂಚಾಂಗ.

೩. ಬಾಯಿಗೆ ಬಾರದ ಪಾಸ್‌ವರ್ಡ್

ಒಂದು ಸಂಜೆ ನಾಲ್ಕೂವರೆಗೆ ಒಬ್ಬ ಹೆಣ್ಣುಮಗಳು ಓಡೋಡಿ ಬಂದಳು. ಗಂಡ ಮಸ್ಕತ್‌ನಲ್ಲಿ. ಫೋನಿನಲ್ಲಿ ಜಗಳವಾಗಿ ಹದಿನೈದು ದಿನ ಮಾತಿಲ್ಲ. ಐದರ ತನಕ ಚಾಟ್‌ನಲ್ಲಿ ಕಾಯುತ್ತೇನೆ, ಬಂದರೆ ರಾಜಿ ಎಂದು ಹೇಳಿಕಳಿಸಿದ್ದನಂತೆ. ಐಡಿ ಮಾಡಿಕೊಟ್ಟವನು ಮೈದುನ; ಆಕೆ ಕೀಬೋರ್ಡ್ ಮುಟ್ಟಿದವಳೇ ಅಲ್ಲ.

"ಪಾಸ್‌ವರ್ಡ್ ಹೇಳ್ರಿ ಅಕ್ಕಾರ, ನಾ ಹೊಡೀತೀನಿ."

"ಅದು ಹೇಳ್ಲಿಕ್ಕ ಬರಂಗಿಲ್ರಿ."

"ಬರದು ಕೊಡ್ರಿ."

"ಬರದ್ರೂ ಹೇಳಿದಂಗೇ ಅಲ್ಲೇನ್ರಿ?"

ಮಸ್ಕತ್ ಎಂದು ಹೊಡೆದೆ, ಶಹಾಬಾದ ಎಂದು ಹೊಡೆದೆ. ತಪ್ಪು, ತಪ್ಪು. ಐದಕ್ಕೆ ಹತ್ತೇ ನಿಮಿಷ. ಆಕೆಯ ಕಣ್ಣು ತುಂಬಿತು.

ಪಕ್ಕದಲ್ಲಿ ಕೂತಿದ್ದ ನಿವೃತ್ತ ಟೀಚರಮ್ಮ ಮೆಲ್ಲಗೆ ಕೇಳಿದರು, "ಗಂಡನ ಹೆಸರು ಇಟ್ಟೀರೇನವ್ವ?" ಆಕೆ ತಲೆ ತಗ್ಗಿಸಿ ಹೂಂ ಎಂದಳು.

"ಬರೇ ಹೆಸರು ಆಡಬಾರದು, ಖರೆ. ಒಡಪು ಹಾಕಿ, ಪದದಾಗ ಹೆಸರು ಸೇರಿಸಿ ಹೇಳಬಹುದಲ್ಲ?"

ಆಕೆ ಎದ್ದು ನಿಂತು, ತಲೆ ಮೇಲೆ ಸೆರಗು ಹೊದ್ದು, ಮದುವೆ ಮನೆಯಲ್ಲಿ ಹೇಳುವ ಹಾಗೆ ರಾಗವಾಗಿ ಹೇಳಿದಳು:

"ಶಹಾಬಾದ ಕಲ್ಲು ಭಾಳ ನುಣುಪು,
ಸಿಟ್ಟಿನಾಗೂ ನನಗ ... ಅವರದೇ ನೆನಪು."

ನಡುವಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕೆಫೆಯಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಹೆಸರು ಹೊಡೆದೆ, ತೆರೆಯಿತು. ಆತ ಇನ್ನೂ ಕಾಯುತ್ತಿದ್ದ. ಆಕೆ ಹೇಳಿದ್ದನ್ನು ಟೀಚರಮ್ಮ ಹೊಡೆದು ಕಳಿಸುತ್ತ ಹೋದರು. ಐದಾಗಿ, ಐದೂವರೆಯಾಗಿ, ಆರಾದರೂ ಗಂಡ ಹೆಂಡತಿ ಇಬ್ಬರೂ ಏಳಲಿಲ್ಲ.

ಹೊರಡುವಾಗ ಎಚ್ಚರಿಕೆ ಹೇಳಿದೆ: "ಅಕ್ಕಾರ, ನಿಮ್ಮ ಪಾಸ್‌ವರ್ಡ್ ಎಲ್ಲಾರಿಗೂ ಗೊತ್ತಾತು. ಇವತ್ತೇ ಬದಲಿ ಮಾಡ್ರಿ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹದಿನೈದು ದಿನ ಜಗಳ ಇದ್ದಾಗೇ ಬದಲಿ ಮಾಡಿಲ್ಲ. ರಾಜಿ ಆದ ದಿನ ಮಾಡ್ಲೇನ್ರಿ?"