ದುಬಾರಿ ದೀಪದ ಪ್ರಭುಗಳಿಗೆ ಒಬ್ಬ ದರ್ಜಿಯ ಅಹವಾಲು

ಮಾನ್ಯರೇ,

ನನ್ನ ಹೊಲಿಗೆ ಅಂಗಡಿಯ ಬಲಗೋಡೆಗೆ ಒತ್ತಿ ನಿಂತಿರುವ ಉಪ್ಪುನೀರಿನ ಅಕ್ವೇರಿಯಂನ ನೆತ್ತಿಯ ಮೇಲೆ, ಎರಡು ಉಕ್ಕಿನ ತಂತಿಗಳಿಂದ ತೂಗುತ್ತ, ಅಖಂಡ ನೀಲಿ ಕಾಂತಿಯಿಂದ ವಿರಾಜಮಾನರಾಗಿರುವ ಉತ್ಕೃಷ್ಟ ದರ್ಜೆಯ ಎಲ್‌ಇಡಿ ದೀಪವಾದ ತಮ್ಮ ಸನ್ನಿಧಿಗೆ, ತಮ್ಮ ಪಕ್ಕದಲ್ಲೇ ಕುಳಿತು ಕಾಜಾ ಹೊಲಿಯುವ ನಾನು ಕಣ್ಣು ಕಿರಿದು ಮಾಡಿಕೊಂಡು ಸಲ್ಲಿಸುವ ಶರಣು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ತಮಗೆ ಕೊಂಚ ಮೈ ಬಿಸಿಯಾದರೂ ನನ್ನ ಫೋನು ಬೊಬ್ಬೆ ಹಾಕುತ್ತದೆ.

ತಮಗೆ ತಿಳಿದಿರಲಾರದು, ಈ ತೊಟ್ಟಿ ನನ್ನದಲ್ಲ, ನನ್ನಕ್ಕನದು. ಮಕ್ಕಳಿಗೆ ಈಜು ಕಲಿಸಿ ನಿವೃತ್ತಳಾದ ಅವಳು, ಕಣ್ಣಿನ ಆಪರೇಷನ್ನಿಗೆಂದು ಮಗಳ ಊರಿಗೆ ಹೊರಟಾಗ ಇದನ್ನು ನನ್ನ ಅಂಗಡಿಗೆ ತಂದಿರಿಸಿದಳು. ಒಳಗೆ ಹಸಿರು ಬೆರಳುಗಳನ್ನು ಆಡಿಸುತ್ತ ಕೂತಿರುವ ಹವಳಕ್ಕೆ ಅವಳಿಟ್ಟ ಹೆಸರು ದೊರೆಸಾನಿ. ಭಾವ ತೀರಿಕೊಂಡ ವರ್ಷ ಉಗುರಿನಷ್ಟು ತುಣುಕನ್ನು ತಂದು ಅಂಗೈಯಗಲ ಬೆಳೆಸಿದ್ದಳು. ಆ ವರ್ಷವೆಲ್ಲ ಅವಳು ನಮಗಿಂತ ಹೆಚ್ಚು ಮಾತಾಡಿದ್ದು ಆ ತೊಟ್ಟಿಯ ಗಾಜಿನ ಜೊತೆಗೆ. "ಮೀನು ಹೋದ್ರೆ ಬೈಯಲ್ಲ ಕಣೋ, ಇವಳನ್ನ ಮಾತ್ರ ನೋಡ್ಕೋ" ಎಂದು ಹೇಳಿ ಬಸ್ಸು ಹತ್ತಿದಳು. ಅವಳ ಹಳೆಯ ದೀಪಕ್ಕೆ ಉಪ್ಪು ಹಿಡಿದಿತ್ತು. ಆ ವಾರವೇ ಕಣ್ಣು ಮುಚ್ಚಿತು.

ಅಕ್ವೇರಿಯಂ ಅಂಗಡಿಯವರು ಎರಡು ದೀಪಗಳನ್ನು ಅಕ್ಕಪಕ್ಕ ಇಟ್ಟು, "ಇದು ಅಗ್ಗದ್ದು, ಮೀನು ಕಾಣುತ್ತೆ. ಇದು ದುಬಾರಿದು, ಹವಳ ಬದುಕುತ್ತೆ. ಆಮೇಲೆ ನಿಮ್ಮಿಷ್ಟ" ಎಂದರು. ತಮ್ಮ ಬೆಲೆಚೀಟಿಯನ್ನು ಒಮ್ಮೆ ನೋಡಿ, ಅದು ಬೆಲೆಯೋ ಅಂಗಡಿಯ ಫೋನ್ ನಂಬರೋ ಎಂದು ಗೊಂದಲಗೊಂಡ ನಾನು, ಅಗ್ಗದವರನ್ನೇ ಬಗಲಲ್ಲಿಟ್ಟುಕೊಂಡು ಬಂದು, ಗಿರಾಕಿಗಳ ತಲೆಗೆ ತಾಗದಿರಲೆಂದು ಸೂರಿನ ಹತ್ತಿರಕ್ಕೆ ಕಟ್ಟಿದೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮನೆ ಮಾಡಿಕೊಂಡಿರುತ್ತದೆಂದೂ, ಅದು ಬೆಳಕುಂಡು ಹವಳಕ್ಕೂ ಉಣಿಸುತ್ತದೆಂದೂ ಆಗ ನನಗೆ ಯಾರೂ ಹೇಳಿರಲಿಲ್ಲ. ದಿನೇ ದಿನೇ ದೊರೆಸಾನಿ ಬೆರಳು ಮಡಚಿಕೊಂಡು, ಹಳೆಯ ಬೂಟಿನ ಬಣ್ಣಕ್ಕೆ ತಿರುಗಿದಳು. "ಅಕ್ಕನಿಗೆ ಏನ್ ಹೇಳ್ತೀರಾ?" ಎಂದು ನನ್ನ ಹೆಂಡತಿ ಕೇಳಿದ್ದು ಒಂದೇ ಸಲ. ಮರುದಿನವೇ ತಮ್ಮ ಆಗಮನವಾಯಿತು.

ಆಹಾ, ಎಂಥ ಆಗಮನ! ದೀಪ ಬೆಳಗಲು ಸ್ವಿಚ್ಚು ಸಾಕೆಂಬ ನನ್ನ ಹಳ್ಳಿಗಮಾರತನವನ್ನು ತಾವು ಮೊದಲ ದಿನವೇ ತಿದ್ದಿದಿರಿ. ಫೋನಿನ ಆ್ಯಪ್ ಮೂಲಕವಷ್ಟೇ ಮಾತು ಕೇಳುವ ತಮಗೆ ನನ್ನ ಫೋನ್ ನಂಬರು, ಹುಟ್ಟಿದ ತಾರೀಖು, ನಾನು ನಿಂತ ಜಾಗ, ಎಲ್ಲವೂ ಬೇಕಾದವು, ಕೊಟ್ಟೆ. ಕೊನೆಗೆ ಕೇಳಿದ ಪಾಸ್‌ವರ್ಡನ್ನು ನಾನೇ ಇಟ್ಟು ನಾನೇ ಮರೆತೆ. ಅಷ್ಟು ಕೊಟ್ಟು ಕೊಂಡ ಬೆಳಕಿನಲ್ಲಿ ಒಂದು ಹನಿಯನ್ನೂ ಪೋಲು ಮಾಡಬಾರದೆಂದು ಅಷ್ಟರೊಳಗೆ ತಮ್ಮನ್ನು ಪೂರ್ತಿ ಪ್ರಖರತೆಗೆ ಏರಿಸಿದ್ದರಿಂದ, ತಾವು ಅಲ್ಲಿಯೇ ನೆಲೆನಿಂತಿರಿ. ಯಾವುದೋ ದೂರದ ಸಮುದ್ರದ ಸೂರ್ಯೋದಯವನ್ನು ಅನುಸರಿಸುತ್ತ, ನಾವು ಮಧ್ಯಾಹ್ನದ ಊಟಕ್ಕೆ ಕೂತಾಗ ತಾವು ಬೆಳಗು ಮಾಡಿದಿರಿ. ಬಿಳಿ ಬಟ್ಟೆಗಳೆಲ್ಲ ದೆವ್ವಗಳಂತೆ ಹೊಳೆದವು. ತಮ್ಮ ನೀಲಿಯಲ್ಲಿ ದಾರದ ಬಣ್ಣ ತಿಳಿಯದೆ, ಪಶುವೈದ್ಯೆಯೊಬ್ಬರ ಬಿಳಿಯ ಕೋಟಿಗೆ ನಾನು ನೇರಳೆ ದಾರ ಹಾಕಿ ಹೊಲಿದುಬಿಟ್ಟೆ. ಅಳತೆ ಕೊಡುತ್ತಿದ್ದ ಹಿರಿಯರೊಬ್ಬರು ಸಮುದ್ರದ ಮಳೆಗಾಲವನ್ನು ನಟಿಸಲು ತಾವು ಆಗಾಗ ಹೊಡೆಯುವ ಕೃತಕ ಮಿಂಚು ಕಂಡು, ಎದೆಗೆ ಸುತ್ತಿದ್ದ ಟೇಪಿನ ಸಮೇತ ಮನೆಯ ಮಹಡಿಯಲ್ಲಿ ಒಣಹಾಕಿದ್ದ ಬಟ್ಟೆ ತೆಗೆಯಲು ಓಡಿದರು.

ಇಷ್ಟನ್ನೂ ನಾನು ತಮ್ಮ ಲೀಲೆಯೆಂದೇ ಭಾವಿಸಿ ಸಹಿಸುತ್ತಿದ್ದೆ. ಆದರೆ ಕಂದಾಗಿದ್ದ ದೊರೆಸಾನಿ ಹಸಿರಾಗುವ ಬದಲು ಅಂಚಿನಿಂದ ಬೆಳ್ಳಗಾಗತೊಡಗಿದಳು. ಅಂಗಡಿಯವರಿಗೆ ಫೋನು ಮಾಡಿದರೆ, "ಬೆಳಕು ಅತಿಯಾದ್ರೆ ಹವಳ ತನ್ನೊಳಗಿನ ಪಾಚಿನೇ ಆಚೆ ದಬ್ಬಿಬಿಡುತ್ತೆ ಸಾರ್. ದೀಪ ಅಷ್ಟು ಚೆನ್ನಾಗಿದೆ ಅಂತ ಅರ್ಥ!" ಎಂದು ಅಭಿನಂದಿಸಿದರು. ಅಗ್ಗದವರು ತಿಂಗಳಿಡೀ ಹೆಣಗಿಯೂ ಮಾಡಲಾಗದ್ದನ್ನು ತಾವು ವಾರದಲ್ಲಿ ಸಾಧಿಸಿದ್ದಿರಿ. ಬೆಲೆಯ ವ್ಯತ್ಯಾಸ ಎಲ್ಲಿದೆಯೆಂದು ನನಗೆ ಆಗ ಹೊಳೆಯಿತು.

ಅಕ್ಕ ಬಂದದ್ದು ಮರುದಿನ, ಮುಖದ ಅರ್ಧ ಮುಚ್ಚುವ ಕಪ್ಪು ಕನ್ನಡಕ ಹಾಕಿಕೊಂಡು. ನೇರ ತೊಟ್ಟಿಯ ಮುಂದೆ ನಿಂತು, "ಎಲ್ಲಾ ಒಂದೇ ಬಣ್ಣ ಕಾಣುತ್ತೆ ಕಣೋ, ಇನ್ನೂ ಒಂದಷ್ಟು ದಿನ ಹೀಗೇ ಅಂತೆ" ಎಂದಳು. ಆ ಕನ್ನಡಕ ಮಾಡಿದವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಹೆಂಡತಿ ನನ್ನ ಮುಖ ನೋಡಿದಳು. ನಾನು ಕತ್ತರಿಯ ಮುಖ ನೋಡಿದೆ. ಬಣ್ಣ ಕಾಣದಿದ್ದರೇನು, ಮಡಚಿದ ಬೆರಳು ಕಂಡಿತಲ್ಲ! ಅಕ್ಕ ಮೆಲ್ಲಗೆ ಕನ್ನಡಕ ತೆಗೆದು, ತುಂಬಿದ ಕಣ್ಣುಗಳನ್ನು ಮಿಟುಕಿಸುತ್ತ ಬಗ್ಗಿದಳು. ಆ ನೀರು ತಮ್ಮ ಪ್ರಖರತೆಗೆ ಬಂದದ್ದೋ ಬೇರೆಯದಕ್ಕೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಎರಡು ದೀಪಗಳ ಕಥೆಯನ್ನು ಹೆಂಡತಿ ಹೇಳಿದ ಮೇಲೆ, "ಮೊದ್ಲು ಉಪವಾಸ ಕೆಡವಿದೆ, ಆಮೇಲೆ ಬಾಯಿಗೆ ತುರುಕಿದೆ" ಎಂದಳು. "ದೀಪ ನೋಡ್ದೆ, ರೇಟು ನೋಡ್ದೆ. ಇವಳನ್ನ ಯಾವಾಗಾದ್ರೂ ನೋಡಿದ್ಯಾ?" ಬೈಗುಳ ಅಷ್ಟೇ. ಇನ್ನಷ್ಟು ಬೈದಿದ್ದರೆ ಚೆನ್ನಾಗಿತ್ತು. ಬೆಳಕು ಇಳಿಸೆಂದಾಗ ನಾನು ಪಾಸ್‌ವರ್ಡಿನ ಕಥೆ ಹೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಕಪಾಟಿನತ್ತ ಕೈ ತೋರಿಸಿ, "ಆ ನೆಟ್ ಬಟ್ಟೆ ಕೊಡು, ಫ್ರಾಕಿಗೆ ಹಾಕ್ತೀಯಲ್ಲ, ಅದು" ಎಂದಳು. ಪದರದ ಮೇಲೆ ಪದರವಿಟ್ಟು ತೊಟ್ಟಿಯ ಬಾಯಿಯ ಮೇಲೆ ಬಿಗಿದೆವು. ಕೆಲವು ದಿನಗಳಿಗೊಮ್ಮೆ ಒಂದೊಂದೇ ಪದರ ತೆಗೆಯುತ್ತ ಬಂದರೆ, ಬೆಳಕಿಗೆ ದೊರೆಸಾನಿ ತಾನಾಗಿ ಒಗ್ಗುತ್ತಾಳಂತೆ. ಪದರ ತೆಗೆಯುವ ನೆಪದಲ್ಲಿ ಅಕ್ಕ ದಿನವೂ ಬಂದು ಕೂತು, ಕಾಣದ ಕಣ್ಣಲ್ಲೇ ನನ್ನ ಹೊಲಿಗೆಯ ತಪ್ಪು ಹುಡುಕುತ್ತಿದ್ದಾಳೆ.

ಆದುದರಿಂದ ತಮ್ಮಲ್ಲಿ ಸವಿನಯ ವಿನಂತಿಗಳು. ತಾವು ದಯಮಾಡಿ ಒಮ್ಮೆ ತಂತಿಯಿಂದಿಳಿದು, ಪಶುವೈದ್ಯೆಯವರ ಮನೆಯವರೆಗೂ ನಡೆದುಹೋಗಿ, ನೇರಳೆ ದಾರವನ್ನು ಬಿಚ್ಚಿಕೊಟ್ಟು ಬರಬೇಕು. ಗುಡುಗು ಮಿಂಚು ಇಲ್ಲದೆ ತಮಗೆ ಜೀವನ ರುಚಿಸದಿದ್ದರೆ, 'ನಾಳೆ ಬೇಕೇ ಬೇಕು' ಎಂದು ಪ್ರಾಣ ತಿಂದು, ಹೊಲಿದಿಟ್ಟ ಮೇಲೆ ತಿಂಗಳಾದರೂ ಇತ್ತ ಸುಳಿಯದ ಗಿರಾಕಿಗಳ ಮಲಗುವ ಕೋಣೆಯಲ್ಲಿ ಗುಡುಗಬೇಕು. ಸೂರ್ಯೋದಯವನ್ನು, ಸಾಧ್ಯವಾದರೆ, ನಮ್ಮ ಸೂರ್ಯನನ್ನು ಕೇಳಿಕೊಂಡು ಮಾಡಬೇಕು.

ಇಂದು ಮಧ್ಯಾಹ್ನ ಅಕ್ಕ ಗಾಜಿಗೆ ಮೂಗು ಒತ್ತಿ, "ಲೋ, ಬಾ ಇಲ್ಲಿ" ಎಂದು ಕೂಗಿದಳು. ಹೊಲಿಗೆ ಅರ್ಧಕ್ಕೆ ಬಿಟ್ಟು ಹೋದೆ. ದೊರೆಸಾನಿಯ ಬುಡದಲ್ಲಿ ಒಂದೇ ಒಂದು ಬೆರಳು, ತುದಿಯಲ್ಲಿ ಮಾತ್ರ ಹಸಿರು, ನೀರಿನಲ್ಲಿ ಆಚೀಚೆ ಆಡುತ್ತಿತ್ತು. ಅಕ್ಕನ ಪಕ್ಕದಲ್ಲಿ ನಾನೂ ಗಾಜಿಗೆ ಮೂಗು ಒತ್ತಿದೆ. ಆ ಹೊತ್ತಿನಲ್ಲಿ ತಾವು ಮಿಂಚದೆ, ಗುಡುಗದೆ, ಸುಮ್ಮನೆ ಬೆಳಗಿದ್ದಿರಿ. ಅದೊಂದಕ್ಕೆ ಮಾತ್ರ ಈ ಪತ್ರದಲ್ಲಿ ವ್ಯಂಗ್ಯವಿಲ್ಲದ ಕೃತಜ್ಞತೆ.

ನೆಟ್ ಬಟ್ಟೆಯ ಈಚೆ ಬದಿಯಿಂದ,
ತಮ್ಮ ವಿಶ್ವಾಸಿ,
ಪಕ್ಕದ ಮೇಜಿನ ದರ್ಜಿ

ಮರೆತ ಮಾತು: ತಮ್ಮ ಅಗ್ಗದ ಬಂಧುವನ್ನು ಅಕ್ಕ ಮೆಟ್ಟಿಲ ಬಳಿ ಹಾಕಿಕೊಳ್ಳಲು ಕೇಳಿ ಒಯ್ದಿದ್ದಾಳೆ, ಸ್ವಿಚ್ಚು ಒತ್ತಿದರೆ ಹತ್ತುತ್ತದೆ, ಒತ್ತಿದರೆ ಆರುತ್ತದೆ ಎಂದು ಊರಿಗೆಲ್ಲ ಹೊಗಳುತ್ತಿದ್ದಾಳೆ. ದೊರೆಸಾನಿ ಚೇತರಿಸಿಕೊಂಡ ಮೇಲೆ ತೊಟ್ಟಿಯ ಜೊತೆ ತಮ್ಮನ್ನೂ ಮನೆಗೆ ಕಳಿಸಲೇ ಎಂದು ಕೇಳಿದ್ದಕ್ಕೆ ಅವಳೆಂದದ್ದು: "ಬೇಡಪ್ಪ, ನಂಗೆ ಒಂದು ಕಣ್ಣಿನ ಆಪರೇಷನ್ ಸಾಕು."